ಅಲ್ಪವೆಚ್ಚದ ಕರಾವಳಿ ಯಾತ್ರೆ

ದೇಶ ಸುತ್ತು, ಇಲ್ಲವೆ ಕೋಶ ಓದು ಎಂದು ಹಿರಿಯರು ಹೇಳಿಬಿಟ್ಟರು. ಸುತ್ತುವುದಕ್ಕೆ ತಗಲುವ ವೆಚ್ಚವನ್ನು ಯಾರು ಕೊಡಬೇಕೆಂಬುದನ್ನು ಮಾತ್ರ ಅವರು ಹೇಳಲಿಲ್ಲ. ಸಂಸಾರವಂದಿಗರಿಗೆ ಮೊದಲು ಏಳುವ ಪ್ರಶ್ನೆ ಅದೇ. ಕಳೆದ ಸಂಕ್ರಾಂತಿಯ ಬಳಿಕ ನಾನೂ ನನ್ನ ಗೆಳೆಯನೊಬ್ಬನೂ ಒಂದು ಮೋಟಾರು ಸೈಕಲ್ಲು, ಒಂದು ಡೇರೆ, ಇಬ್ಬರಿಂದಲೂ ಸೇರಿ 5,000 ರೂಪಾಯಿ, ಇವಿಷ್ಟನ್ನೇ ನೆಚ್ಚಿಕೊಂಡು ಏಳು ದಿವಸ ಕರಾವಳಿಯನ್ನು ಸುತ್ತಿ ಬಂದೆವು. ಹಣ ಮಿಕ್ಕಿತು. ಊರಿಗೆ ಬಂದ ಮೇಲೆ ಕೆಲವು ದಿನ ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಲೆಕ್ಕದ ಪುಸ್ತಕವನ್ನು ಎರಡನೆಯ ಸಲ ನೋಡಿದಾಗ ಆ ಹೆಮ್ಮೆ ಬಹಳ ಮಟ್ಟಿಗೆ ಇಳಿಯಿತು. ಅದೇಕೆಂಬುದನ್ನು ಈ ತಿಂಗಳು ವಾಚಕರ ಮುಂದಿಡುತ್ತೇನೆ.

ಗೆಳೆಯನ ಊರು ಹುಣಸೂರಿಗೆ ಸಮೀಪದ ಗುರುಪುರ. ಟಿಬೆಟ್ಟಿನಿಂದ ಬಂದ ನಿರಾಶ್ರಿತರಿಗಾಗಿ 1972ರಲ್ಲಿ ಅಲ್ಲಿ ಒಂದು ವಸತಿ ಏರ್ಪಟ್ಟಿತು. ಅದಕ್ಕೆ ರಬ್ಗೇಲಿಂಗ್ ಎಂದು ಹೆಸರು. 1433ರಲ್ಲಿ ಟಿಬೆಟ್ಟಿನಲ್ಲಿ ಸ್ಥಾಪಿತವಾದ ಗ್ಯುದ್ಮೆ ಎಂಬ ವಿಹಾರದ ಪರಂಪರೆ ಈಗ ನಡೆದು ಬರುತ್ತಿರುವುದೂ ಅಲ್ಲಿಯೇ. ಗೆಳೆಯ ಆ ವಸತಿಯಲ್ಲಿ 1975ರಲ್ಲಿ ಹುಟ್ಟಿದವನು. ಟ್ರಾಕ್ಟರು ಹೊಡೆಯುವುದು, ಕೆಟ್ಟ ಯಂತ್ರವನ್ನು ಸರಿಮಾಡುವುದು ಆತನ ಕಸುಬು. ಎತ್ತು ಕೈಕೊಟ್ಟ ಒಂದು ವರ್ಷ ನಮ್ಮ ಹೊಲ ಉಳಲು ಬಂದನು. ಪರಿಚಯ ಹಾಗೆ ಬೆಳೆಯಿತು. ಮನೆಯಲ್ಲಿ ಟಿಬೆಟ್ಟಿನ ಭಾಷೆ ಆಡಿದರೂ ಆತನ ಕನ್ನಡ ಹುಣಸೂರು ಸಂತೆಯ ಕನ್ನಡವೇ. ಚೌಕಾಸಿಯಲ್ಲಂತೂ ನನಗಿಂತ ಗಟ್ಟಿಗ.

ಇಂಥವನು ಸಮುದ್ರವನ್ನು ಕಂಡಿರಲಿಲ್ಲ. ಗುರುಪುರದಿಂದ ಮಂಗಳೂರು ಬಹಳ ದೂರವೇನಲ್ಲ. ಬೆಳಗ್ಗೆ ಹೊರಟರೆ ಸಂಜೆಯೊಳಗೆ ಅಲೆಯ ಸದ್ದು ಕೇಳಬಹುದು. ಆದರೆ ಉಳುವ ಕಾಲ, ಜೋಳದ ಕೊಯ್ಲು, ಮಕ್ಕಳ ಓದು ಎಂದು ವರ್ಷಗಳು ಕಳೆದಿದ್ದವು. “ನಮ್ಮ ಗುರುಗಳ ಹೆಸರಿನಲ್ಲಿ ಗ್ಯಾತ್ಸೊ ಎಂದಿದೆ. ಗ್ಯಾತ್ಸೊ ಎಂದರೆ ಸಾಗರ. ದಿನವೂ ಹೆಸರು ಹೇಳುತ್ತೇನೆ; ನೋಡಿದ್ದು ಮಾತ್ರ ಇಲ್ಲ ಕಣಯ್ಯ” ಎಂದನು ಒಂದು ದಿನ. ಹದಿನಾಲ್ಕನೆಯ ದಲೈ ಲಾಮಾ ಅವರ ಹೆಸರು ತೆನ್‌ಜಿನ್ ಗ್ಯಾತ್ಸೊ. ದಲೈ ಎಂಬುದೂ ಮಂಗೋಲ ಭಾಷೆಯಲ್ಲಿ ಸಾಗರವೆಂಬ ಅರ್ಥದ ಮಾತೇ. ಕಡಲಿನಿಂದ ನೂರಾರು ಹರಿದಾರಿ ದೂರದ ಪ್ರಸ್ಥಭೂಮಿಯ ಜನ ತಮ್ಮ ಗುರುವನ್ನು ಕಡಲೆಂದು ಕರೆದರೆಂಬುದು ನನಗೆ ಆಶ್ಚರ್ಯವಾಗಿ ತೋರಿತು. ಹೊರಡುವುದೆಂದು ಆ ಸಂಜೆಯೇ ನಿಶ್ಚಯವಾಯಿತು.

ಡೇರೆಯ ಸಂಗತಿಯನ್ನು ಕೇಳಿ ಆತನ ವೃದ್ಧ ತಾಯಿ ನಕ್ಕುಬಿಟ್ಟರು. 1959ರ ಬಳಿಕ ಭಾರತಕ್ಕೆ ಬಂದವರಲ್ಲಿ ಅನೇಕರು ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಕಟ್ಟುವ ಕೂಲಿಯಿಂದ ಹೊಟ್ಟೆ ಹೊರೆದರು. ಈ ತಾಯಿಯೂ ಕಲ್ಲು ಹೊತ್ತವರೇ. “ರಸ್ತೆ ಮಾಡುವಾಗ ನಾವು ಡೇರೆಯಲ್ಲಿದ್ದೆವು. ಈಗ ರಸ್ತೆ ನೋಡುವುದಕ್ಕೆ ನೀವು ಡೇರೆ ಹೊತ್ತುಕೊಂಡು ಹೋಗುತ್ತೀರಾ?” ಎಂದು ಅವರು ಹೇಳಿದುದನ್ನು ಮಗ ಕನ್ನಡಿಸಿದನು. ಎಲ್ಲರೂ ನಕ್ಕೆವು. ಒಬ್ಬರಿಗೆ ವಿನೋದವಾದುದು ಇನ್ನೊಬ್ಬರಿಗೆ ಹಿಂದೊಮ್ಮೆ ಗತಿಯಿಲ್ಲದೆ ಒದಗಿದ್ದೆಂಬುದು ಮಾತ್ರ ಮನಸ್ಸಿನಲ್ಲಿ ಉಳಿಯಿತು.

ಸಿದ್ಧತೆಯ ವಿಷಯವನ್ನು ಗೃಹಿಣಿಯರು ಕೇಳಬಹುದು. ದಾರಿಯ ಬುತ್ತಿಗೆ ನಮ್ಮ ಮನೆಯವರು ರಾಗಿಯ ಹುರಿಹಿಟ್ಟನ್ನು ಮಾಡಿಕೊಟ್ಟರು. ಗೆಳೆಯನ ಮನೆಯಿಂದ ತ್ಸಂಪಾ ಬಂದಿತು. ತ್ಸಂಪಾ ಎಂದರೆ ಹುರಿದ ಬಾರ್ಲಿಯ ಹಿಟ್ಟು. ಎರಡು ಡಬ್ಬಿಗಳನ್ನೂ ತೆರೆದಿಟ್ಟಾಗ ಇವು ಅಕ್ಕತಂಗಿಯರೆಂದು ತೋರಿತು. ಎರಡಕ್ಕೂ ಒಲೆ ಬೇಡ, ಎರಡೂ ಕೆಡುವುದಿಲ್ಲ. ನಾವು ಬೆಲ್ಲ ಕಾಯಿತುರಿ ಬೆರಸಿದರೆ ಅವರು ಬೆಣ್ಣೆಯನ್ನೂ ಉಪ್ಪು ಹಾಕಿದ ಚಹವನ್ನೂ ಬೆರಸಿ ಕೈಯಲ್ಲೇ ಮುದ್ದೆ ಕಟ್ಟುತ್ತಾರೆ. ಹಣದ ವಿಷಯದಲ್ಲಿ ಒಂದು ನಿಬಂಧನೆ ಮಾಡಿಕೊಂಡೆವು: ಇಬ್ಬರೂ 2,500 ರೂಪಾಯಿಯಂತೆ ಒಂದೇ ಬಟ್ಟೆಯ ಚೀಲಕ್ಕೆ ಹಾಕತಕ್ಕದ್ದು, ಚೀಲದಿಂದ ತೆಗೆಯುವಾಗ ಇಬ್ಬರೂ ಒಪ್ಪತಕ್ಕದ್ದು. ಸ್ನೇಹಿತರು ಮನಸ್ತಾಪ ಬೆಳೆಸಿಕೊಳ್ಳುವುದು ಸಾಮಾನ್ಯವಾಗಿ ದೊಡ್ಡ ತತ್ತ್ವಗಳಿಗಾಗಿ ಅಲ್ಲ; ಚಹದ ಕಾಸನ್ನು ಯಾರು ಕೊಟ್ಟರೆಂಬುದಕ್ಕಾಗಿ.

ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿ ದಾಟಿ ಸಂಪಾಜೆಯ ಘಾಟಿಯನ್ನು ಇಳಿದೆವು. ಸುಳ್ಯ, ಪುತ್ತೂರುಗಳನ್ನು ಕಳೆಯುತ್ತಲೇ ಗಾಳಿಗೆ ತೇವ ಬಂದಿತು. ಹೊಲಗಳು ಹೋಗಿ ಅಡಕೆಯ ತೋಟಗಳು ಬಂದವು. ಹೆಂಚಿನ ಮಾಡುಗಳು ಇಳಿಜಾರಾದವು. ಮಂಗಳೂರನ್ನು ದಾಟಿ ಉತ್ತರದ ಹೆದ್ದಾರಿಯಲ್ಲಿ ಕೂಳೂರಿನ ಹತ್ತಿರ ಒಂದು ದೊಡ್ಡ ಹೊಳೆಯ ಸೇತುವೆ ಸಿಕ್ಕಿತು. ಚಹದ ಅಂಗಡಿಯವರನ್ನು ಹೊಳೆಯ ಹೆಸರು ಕೇಳಿದೆವು. “ಗುರುಪುರ ಹೊಳೆ” ಎಂದರು. ಗೆಳೆಯ ಬಟ್ಟಲನ್ನು ಕೆಳಗಿಟ್ಟು ನನ್ನ ಮುಖ ನೋಡಿದನು. ಫಲ್ಗುಣಿ ಎಂಬ ಇನ್ನೊಂದು ಹೆಸರೂ ಅದಕ್ಕುಂಟು. ಅದರ ದಡದಲ್ಲಿ, ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ, ಒಂದು ಹಳೆಯ ಗುರುಪುರವಿದೆ. “ನನ್ನ ಊರು ನನಗಿಂತ ಮುಂಚೆಯೇ ಸಮುದ್ರಕ್ಕೆ ಬಂದುಬಿಟ್ಟಿದೆ” ಎಂದು ಆತನು ನಕ್ಕನು.

ಸೂರ್ಯ ಮುಳುಗುವ ಹೊತ್ತಿಗೆ ಮುಲ್ಕಿಯ ಆಚೆ ಒಂದು ಕವಲುದಾರಿಯಲ್ಲಿ ತಿರುಗಿ ಮರಳಿನ ದಿಬ್ಬವನ್ನು ಹತ್ತಿದೆವು. ಅದರಾಚೆ ಕಡಲಿತ್ತು. ಗೆಳೆಯ ಏನಾದರೂ ಹೇಳಿಯಾನೆಂದು ಕಾದೆ. ಆತ ಪಾದರಕ್ಷೆ ಕಳಚಿ, ನೀರಿನ ಅಂಚಿಗೆ ಹೋಗಿ, ಬೊಗಸೆಯಲ್ಲಿ ನೀರೆತ್ತಿ ನಾಲಗೆಗೆ ಮುಟ್ಟಿಸಿಕೊಂಡನು. ಬಹಳ ಹೊತ್ತು ಹಾಗೆಯೇ ನಿಂತಿದ್ದನು. ಆಮೇಲೆ ಹೇಳಿದ್ದು ಇಷ್ಟೇ: “ಅಮ್ಮನನ್ನು ಕರೆದುಕೊಂಡು ಬರಬೇಕಾಗಿತ್ತು.”

ತೊಂದರೆ ಆರಂಭವಾದುದು ಹಿಂದಿರುಗುವಾಗ. ಹೆದ್ದಾರಿಗೆ ಬರುವಷ್ಟರಲ್ಲಿ ಹಿಂದಿನ ಚಕ್ರದ ಗಾಳಿ ಹೋಯಿತು. ಕತ್ತಲಾಗಿತ್ತು, ದುರಸ್ತಿಯ ಅಂಗಡಿಗಳು ಮುಚ್ಚಿದ್ದವು. ಅರಿಯದ ನೆಲದಲ್ಲಿ ಕತ್ತಲೆಯಲ್ಲಿ ಡೇರೆ ಹೊಡೆಯುವುದು ಕ್ಷೇಮವಲ್ಲ. ದಿನವಿಡೀ ಕುಳಿತು ನನ್ನ ಸೊಂಟವೂ ಬಿದ್ದುಹೋಗಿತ್ತು. ಆ ಒಂದು ರಾತ್ರಿ ವಸತಿಗೃಹದಲ್ಲಿ ಕಳೆಯೋಣವೆಂದು ಇಬ್ಬರೂ ಒಪ್ಪಿದೆವು. ಊರಿನ ಹೆಸರು ಇಲ್ಲಿ ಬೇಡ. ಕೊಠಡಿ ಇತ್ತು, ಬಾಡಿಗೆಯೂ ಕೈಗೆಟಕುವಂತಿತ್ತು. ಕೀಲಿಕೈ ನನ್ನ ಕೈಗೆ ಬಂದೂ ಬಂದಿತು. ಆಮೇಲೆ ಗುರುತಿನ ಕಾಗದ ಕೇಳಿದರು. ಗೆಳೆಯ ತನ್ನ ನೋಂದಣಿಯ ಪತ್ರವನ್ನು ತೋರಿಸಿದನು. ಟಿಬೆಟ್ಟಿನ ನಿರಾಶ್ರಿತರು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕಾದ ಪತ್ರ ಅದು. ಸರಕಾರದ ಲೆಕ್ಕದಲ್ಲಿ ಅದನ್ನು ಹೊಂದಿದವರು ಪರದೇಶಸ್ಥರು. ಪರದೇಶಸ್ಥರು ತಂಗಿದರೆ ವಸತಿಗೃಹದವರು 24 ಗಂಟೆಗಳೊಳಗೆ ಅಧಿಕಾರಿಗಳಿಗೆ ವರದಿ ಕಳುಹಿಸತಕ್ಕದ್ದು. ಗುಮಾಸ್ತೆ ಒರಟನಲ್ಲ. ಯಜಮಾನರು ಊರಲ್ಲಿಲ್ಲವೆಂದೂ ಆ ಕಾಗದಪತ್ರಗಳ ವಿಷಯ ತನಗೆ ತಿಳಿಯದೆಂದೂ ಹೇಳಿ, “ನೀವು ಇರಬಹುದು ಸಾರ್, ಅವರು ಆಗುವುದಿಲ್ಲ” ಎಂದನು.

ಇಲ್ಲಿ ಒಂದು ಮಾತನ್ನು ವಿವರಿಸಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚೆ ಭಾರತದ ನೆಲದಲ್ಲಿ ಹುಟ್ಟಿದವರಿಗೆ ಹುಟ್ಟಿನಿಂದಲೇ ಪೌರತ್ವವುಂಟೆಂಬುದು ನಮ್ಮ ಕಾನೂನು. ಇದು ಟಿಬೆಟ್ಟಿನವರ ಮಕ್ಕಳಿಗೂ ಸಲ್ಲುತ್ತದೆಂದು ದಿಲ್ಲಿಯ ಉಚ್ಚ ನ್ಯಾಯಾಲಯ 2010ರಲ್ಲಿ ತೀರ್ಪಿತ್ತಿತು. ಅದರಂತೆ ಗೆಳೆಯ ತನ್ನ ಹಕ್ಕನ್ನು ಕೇಳಬಹುದು. ಆತ ಕೇಳಿಲ್ಲ. ಒಂದಲ್ಲ ಒಂದು ದಿನ ಸ್ವದೇಶಕ್ಕೆ ಮರಳುವೆನೆಂದು ತಾಯಿ ನಂಬಿರುವಾಗ, ಮಗನಾದ ತಾನು ಆ ಕಾಗದಕ್ಕೆ ರುಜು ಹಾಕಿದರೆ ಆಕೆಯ ಮನಸ್ಸು ಏನಾದೀತೆಂಬುದು ಆತನ ಅಳುಕು. ಸರಿಯೋ ತಪ್ಪೋ, ಅದು ಆತನಿಗೆ ಬಿಟ್ಟದ್ದು.

ನನ್ನ ತಪ್ಪನ್ನು ಮಾತ್ರ ನಾನು ಹೇಳಿಕೊಳ್ಳಬೇಕು. ಗುಮಾಸ್ತೆಯ ಮಾತು ಮುಗಿದ ಮೇಲೂ ಕೀಲಿಕೈ ನನ್ನ ಕೈಯಲ್ಲೇ ಇತ್ತು. ಒಂದು ಗಳಿಗೆ ನಾನು ಅದನ್ನು ಹಿಂದಕ್ಕೆ ಕೊಡಲಿಲ್ಲ. ಹಾಸಿಗೆ, ಬಿಸಿನೀರು, ಸೊಂಟದ ನೋವು, ಎಲ್ಲವೂ ಆ ಗಳಿಗೆಯಲ್ಲಿ ಲೆಕ್ಕಕ್ಕೆ ಬಂದವು. ಗೆಳೆಯ ಅದನ್ನು ಕಂಡನು. “ನೀನು ಮಲಗಯ್ಯ. ನಾನು ಗಾಡಿಯ ಹತ್ತಿರ ಇರುತ್ತೇನೆ. ನಮ್ಮವರಿಗೆ ಬಯಲೇನು ಹೊಸದೆ?” ಎಂದನು. ಕೋಪದಿಂದ ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು. ಕೀಲಿಕೈಯನ್ನು ಮೇಜಿನ ಮೇಲಿಟ್ಟು ಹೊರಕ್ಕೆ ಬಂದೆ. ಬಹಳ ದೂರ ಇಬ್ಬರೂ ಮಾತಿಲ್ಲದೆ ಗಾಡಿಯನ್ನು ತಳ್ಳಿಕೊಂಡು ನಡೆದೆವು.

ಒಂದು ಮನೆಯ ಮುಂದೆ ಮುದುಕಿಯೊಬ್ಬರು ಮೀನಿನ ಬುಟ್ಟಿಯನ್ನು ತೊಳೆಯುತ್ತಿದ್ದರು. ಅಂಗಳದ ಮೂಲೆಯಲ್ಲಿ ಡೇರೆ ಹೊಡೆಯಲು ಅಪ್ಪಣೆ ಬೇಡಿದೆವು. “ಎಲ್ಲಿಯವರು?” ಎಂದರು. ಗುರುಪುರದವರೆಂದು ನಾನು ಹೇಳಿಬಿಟ್ಟೆ. “ಓ, ಇಲ್ಲಿಯ ಗುರುಪುರವಾ? ಹಾಗಾದರೆ ನಮ್ಮವರೇ. ಬನ್ನಿ, ಬನ್ನಿ.” ದೀಪ ಮಂಕಾಗಿತ್ತು, ಆಕೆ ನಮ್ಮ ಮುಖವನ್ನು ಸರಿಯಾಗಿ ನೋಡಿರಲಾರರು. ಆ ಹೊತ್ತಿಗೆ ಆ ತಪ್ಪು ತಿಳಿವಳಿಕೆ ನನಗೆ ಅನುಕೂಲವಾಗಿಯೇ ಇತ್ತು. ಆಕೆ ಕುಚ್ಚಲಕ್ಕಿಯ ಗಂಜಿಯನ್ನೂ ಉಪ್ಪಿನಕಾಯಿಯನ್ನೂ ಒಣಮೀನಿನ ಚಟ್ನಿಯನ್ನೂ ತಂದಿಟ್ಟರು. ಗೆಳೆಯ ಬಟ್ಟಲಿಗೆ ಕೈಹಾಕಲಿಲ್ಲ. “ಅಮ್ಮಾ, ನಮ್ಮದು ನಿಮ್ಮ ಗುರುಪುರ ಅಲ್ಲ. ಘಟ್ಟದ ಮೇಲೆ ಹುಣಸೂರಿನ ಹತ್ತಿರದ್ದು. ನಾನು ಟಿಬೆಟ್ಟಿನವರ ಮಗ” ಎಂದನು. ಆಕೆ ದೀಪವನ್ನು ಎತ್ತಿ ಆತನನ್ನು ನೋಡಿದರು. “ಯಾವ ಗುರುಪುರವಾದರೇನು ಮಾರಾಯ್ರೆ, ಗಂಜಿ ತಣ್ಣಗಾಗ್ತದೆ. ಮೊದಲು ಊಟ ಮಾಡಿ” ಎಂದರು.

ಬೆಳಗ್ಗೆ ಹಣ ಕೊಡಹೋದರೆ ಆಕೆ ಮುಟ್ಟಲಿಲ್ಲ. ಬಾವಿಯ ಪಂಪು ಎಂಟು ದಿನದಿಂದ ಕೆಟ್ಟಿದೆಯೆಂದು ಮೊಮ್ಮಗಳು ಹೇಳಿದುದು ಗೆಳೆಯನ ಕಿವಿಗೆ ಬಿದ್ದಿತು. ಆತ ಅದನ್ನು ಬಿಚ್ಚಿ, ಒಳಗೆ ಕಟ್ಟಿದ್ದ ತುಕ್ಕನ್ನು ಉಜ್ಜಿ, ಎರಡು ತಾಸಿನಲ್ಲಿ ನೀರು ಬರುವಂತೆ ಮಾಡಿದನು. ಅದಕ್ಕೆ ಆಕೆಯ ಆಕ್ಷೇಪಣೆಯಿರಲಿಲ್ಲ. ಹಣವನ್ನು ಒಲ್ಲದವರೂ ಕೈಗೆಲಸವನ್ನು ಒಪ್ಪುತ್ತಾರೆ. ನನಗೆ ಬರುವ ಕೈಗೆಲಸ ಯಾವುದೂ ಇರಲಿಲ್ಲವಾದ್ದರಿಂದ ಕೊಡಗಳನ್ನು ತುಂಬಿಟ್ಟೆ.

ಗಾಡಿಯ ಚಕ್ರವನ್ನು ಸರಿಮಾಡಿಸಿಕೊಂಡು ಮುಂದಕ್ಕೆ ಹೊರಟೆವು. ಕಾಪುವಿನಲ್ಲಿ ಬಂಡೆಯ ಮೇಲೆ ನಿಂತಿರುವ 1901ರ ದೀಪಸ್ತಂಭವನ್ನು ನೋಡಿ ಮಲ್ಪೆಗೆ ಹೋದೆವು. ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗಬಹುದು. ಇಬ್ಬರ ದೋಣಿಗೂಲಿ 700 ರೂಪಾಯಿ. ನಮ್ಮ ಮೊದಲ ಜಗಳ ಇಲ್ಲಿ. ಕಲ್ಲು ನೋಡಲು ಅಷ್ಟು ಕೊಡುವುದೆ ಎಂದು ನಾನು. ಜೀವಮಾನದಲ್ಲಿ ಒಮ್ಮೆ ನೀರಿನ ಮೇಲೆ ಹೋಗುವೆನೆಂದು ಆತ. ಹಿಂದಿನ ರಾತ್ರಿಯ ಕೀಲಿಕೈ ನೆನಪಿಗೆ ಬಂದು ನಾನೇ ಚೀಲವನ್ನು ಬಿಚ್ಚಿದೆ.

ಕೊಟ್ಟ ಹಣಕ್ಕೆ ಮೋಸವಾಗಲಿಲ್ಲ. ಆ ದ್ವೀಪದಲ್ಲಿ ಯಾರೋ ಶಿಲ್ಪಿ ಕಡೆದು ನಿಲ್ಲಿಸಿದಂತೆ ಆರು ಮುಖದ ಕಂಬಗಳು ಒತ್ತಾಗಿ ನಿಂತಿವೆ. ಭೂಮಿಯ ಒಳಗಿನಿಂದ ಹೊಮ್ಮಿದ ಕಲ್ಲಿನ ರಸ ಆರುವಾಗ ಬಿರಿದು ಆದ ರೂಪ ಅದು. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದ ಕುರುಹೆಂದು ಭೂಗರ್ಭಶಾಸ್ತ್ರಜ್ಞರು ಹೇಳುತ್ತಾರೆ. ಹಾಗೆ ಬಿಡಿಯಾದ ಭಾರತದ ನೆಲ ಉತ್ತರಕ್ಕೆ ಸರಿಯುತ್ತ ಹೋಗಿ, ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯದ ನೆಲಕ್ಕೆ ಒತ್ತಿತು. ನಡುವಣ ಕಡಲಿನ ತಳ ಮೇಲಕ್ಕೆದ್ದು ಹಿಮಾಲಯವಾಯಿತು. ಟಿಬೆಟ್ಟಿನ ಪ್ರಸ್ಥಭೂಮಿಯೂ ಆ ಒತ್ತಡದಿಂದಲೇ ಎತ್ತರಕ್ಕೇರಿತು. ನಮ್ಮ ದೇವರ ಪೆಟ್ಟಿಗೆಯ ಸಾಲಿಗ್ರಾಮ ಗಂಡಕೀ ನದಿಯಲ್ಲಿ ದೊರೆಯುವುದಷ್ಟೆ. ಅದರೊಳಗಿನ ಚಕ್ರ ಆ ಹಳೆಯ ಕಡಲಿನಲ್ಲಿ ಬಾಳಿದ ಚಿಪ್ಪಿನ ಪ್ರಾಣಿಯ ಗುರುತು. ಇದನ್ನು ಗೆಳೆಯನಿಗೆ ಹೇಳಿದೆ. ಆತ ಕಂಬದ ಮೇಲೆ ಕೈಯಿಟ್ಟು, “ಹಾಗಾದರೆ ನಿಮ್ಮ ನೆಲವೇ ಮೊದಲು ನಮ್ಮ ಮನೆಗೆ ಬಂದದ್ದು. ನಾವು ಆಮೇಲೆ ನಿಮ್ಮಲ್ಲಿಗೆ ಬಂದೆವು” ಎಂದನು.

ಉಡುಪಿಯ ಕೃಷ್ಣಮಠದಲ್ಲಿ ಮಧ್ಯಾಹ್ನದ ಊಟವಾಯಿತು. 200 ರೂಪಾಯಿಯನ್ನು ಹುಂಡಿಗೆ ಹಾಕಿದೆವು. ಮರವಂತೆಯಲ್ಲಿ ಹೆದ್ದಾರಿಯ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ. ಆ ರಾತ್ರಿ ಸಮೀಪದ ದೇವಸ್ಥಾನದವರನ್ನು ಕೇಳಿ ಅವರ ತೋಪಿನಲ್ಲಿ ಡೇರೆ ಹೊಡೆದೆವು. ನಮ್ಮ ಕಡೆ ಸರ್ವೆಯೆನ್ನುವ ಮರವನ್ನು ಅಲ್ಲಿ ಗಾಳಿಮರವೆನ್ನುತ್ತಾರೆ. ಹೆಸರು ಎಷ್ಟು ಸರಿಯೆಂಬುದು ಅದರ ಕೆಳಗೆ ಮಲಗಿದವರಿಗೆ ಗೊತ್ತು. ಹೀಗೆ ಹೋಗಬಯಸುವವರು ಎರಡು ಸಂಗತಿಗಳನ್ನು ನೆನಪಿಡುವುದು ಲೇಸು. ತೆಂಗಿನ ಮರದ ಕೆಳಗೆ ಡೇರೆ ಹೊಡೆಯಕೂಡದು. ಅಲೆ ತಂದು ಬಿಟ್ಟ ಚಿಪ್ಪು ಕಸಗಳ ಗೆರೆಗಿಂತ ಬಹಳ ಮೇಲಕ್ಕೆ ಮಲಗಬೇಕು. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಭರತ ಆ ಗೆರೆಯನ್ನೂ ದಾಟುತ್ತದೆ.

ಮೂರನೆಯ ಸಂಗತಿಯನ್ನು ಹೊನ್ನಾವರದ ಕಾಸರಕೋಡಿನಲ್ಲಿ ಬೆಸ್ತರು ಕಲಿಸಿದರು. ರಾತ್ರಿ ನಾವು ದೀಪ ಹಚ್ಚಿ ಹುರಿಹಿಟ್ಟು ಕಲಸುತ್ತಿದ್ದಾಗ ಒಬ್ಬರು ಬಂದು ದೀಪವನ್ನು ಆರಿಸಬೇಕೆಂದು ಕೇಳಿಕೊಂಡರು. ಚಳಿಗಾಲದ ತಿಂಗಳುಗಳಲ್ಲಿ ಕಡಲಾಮೆಗಳು ಆ ಮರಳಿಗೆ ಬಂದು ಒಂದೊಂದು ಗುಂಡಿಯಲ್ಲಿ ನೂರರಷ್ಟು ಮೊಟ್ಟೆಯಿಟ್ಟು ಹಿಂದಿರುಗುತ್ತವೆ. ಸುಮಾರು 50 ದಿನಗಳಿಗೆ ಹೊರಬರುವ ಮರಿಗಳು ಬೆಳಕು ಕಂಡತ್ತ ಹೋಗುತ್ತವೆ. ಕಡಲಿನ ಮೇಲಣ ಮಂದಬೆಳಕನ್ನು ಹಿಡಿದು ನೀರಿಗೆ ಸೇರಬೇಕಾದವು ನಮ್ಮ ದೀಪವನ್ನು ನೋಡಿ ದಾರಿ ತಪ್ಪುತ್ತವೆ. ಕತ್ತಲಲ್ಲೇ ಉಂಡೆವು. ತಾಯಿಯಿಲ್ಲದೆ, ಕಂಡರಿಯದ ನೀರನ್ನು ಹುಡುಕಿಕೊಂಡು ಹೋಗುವ ಆ ಮರಿಗಳ ವಿಷಯವನ್ನು ಗೆಳೆಯ ಬಹಳ ಹೊತ್ತು ಕೇಳುತ್ತಿದ್ದನು.

ಕೊನೆಯ ತಾಣ ಗೋಕರ್ಣದ ಹತ್ತಿರದ ಸಾಣಿಕಟ್ಟೆ. ಅಘನಾಶಿನಿಯ ಅಳಿವೆಯ ಉಪ್ಪುನೀರನ್ನು ಪಾತಿಗಳಿಗೆ ಹಾಯಿಸಿ, ಬಿಸಿಲಿಗೆ ಆರಿಸಿ, ಅಲ್ಲಿ ಉಪ್ಪು ತೆಗೆಯುತ್ತಾರೆ. ಇದಕ್ಕೆ ಸಮೀಪದ ಅಂಕೋಲೆಯಲ್ಲಿಯೇ 1930ರಲ್ಲಿ ನಮ್ಮವರು ಉಪ್ಪಿನ ಸತ್ಯಾಗ್ರಹ ಹೂಡಿದ್ದು. ಗೆಳೆಯ ಒಂದು ಹರಳನ್ನು ಬಾಯಿಗೆ ಹಾಕಿಕೊಂಡನು. ಆತನ ತಾತನ ಕಾಲದಲ್ಲಿ ಟಿಬೆಟ್ಟಿನ ಉತ್ತರದ ಸರೋವರಗಳಿಂದ ಉಪ್ಪನ್ನು ಚಮರೀಮೃಗಗಳ ಮೇಲೂ ಕುರಿಗಳ ಮೇಲೂ ಹೇರಿಕೊಂಡು ಬೆಟ್ಟಗಳನ್ನು ದಾಟಿ, ನೇಪಾಳದ ಕಡೆಯವರಿಗೆ ಕೊಟ್ಟು ಧಾನ್ಯ ತರುತ್ತಿದ್ದರಂತೆ. ತಾಯಿಗಾಗಿ ಒಂದು ಸೇರು ಉಪ್ಪನ್ನು ಬಟ್ಟೆಯಲ್ಲಿ ಕಟ್ಟಿಸಿಕೊಂಡನು. ಅಲ್ಲಿಯವರು ಅದಕ್ಕೂ ಹಣ ಬೇಡವೆಂದರು.

ಇನ್ನು ಲೆಕ್ಕ. ಹೋಗಿಬರುವ ದಾರಿ 900 ಕಿಲೋಮೀಟರಿಗೂ ಮಿಕ್ಕಿತು. ಪೆಟ್ರೋಲಿಗೆ 2,200, ದೋಣಿಗೆ 700, ಚಕ್ರದ ದುರಸ್ತಿಗೆ 350, ಊಟ ಚಹಗಳಿಗೆ 950, ಹುಂಡಿಗೆ 200. ಒಟ್ಟು 4,400 ರೂಪಾಯಿ. ಆರು ರಾತ್ರಿಗಳಿಗೆ ಬಾಡಿಗೆಯಿಲ್ಲ. ಮಿಕ್ಕದ್ದು 600. ನಾನು ಹೆಮ್ಮೆಪಟ್ಟದ್ದು ಈ ಲೆಕ್ಕಕ್ಕೇ. ಎರಡನೆಯ ಸಲ ನೋಡಿದಾಗ ಕಾಣದಿದ್ದ ಬಾಬುಗಳು ಕಂಡವು: ಒಂದು ಅಂಗಳ, ಎರಡು ಬಟ್ಟಲು ಗಂಜಿ, ದೇವಸ್ಥಾನದ ತೋಪು, ಬೆಸ್ತರು ತೋರಿಸಿದ ಸಿಹಿನೀರಿನ ಬಾವಿ, ಒಂದು ಸೇರು ಉಪ್ಪು. ನಾವು ಉಳಿಸಿದೆವೆಂದುಕೊಂಡುದನ್ನು ಬೇರೆಯವರು ತೆತ್ತಿದ್ದರು. ಅಲ್ಪವೆಚ್ಚದ ಯಾತ್ರೆಯೆಂಬುದು ವೆಚ್ಚವಿಲ್ಲದ ಯಾತ್ರೆಯಲ್ಲ. ಅದರ ಒಂದು ಭಾಗ ಸಾಲದ ಯಾತ್ರೆ. ಸಾಲವೆಂದು ತಿಳಿದು ಮಾಡಿದರೆ ದೋಷವಿಲ್ಲ. ಜಾಣತನವೆಂದು ಬಗೆದು ಮಾಡುವುದೇ ದೋಷ.

ಈ 600 ರೂಪಾಯಿಯನ್ನು ಹಂಚಿಕೊಳ್ಳೋಣವೆಂದು ಗೆಳೆಯನ ಮನೆಗೆ ಹೋದೆ. ಆತನ ತಾಯಿ ಸಾಣಿಕಟ್ಟೆಯ ಉಪ್ಪು ಹಾಕಿದ ಬೆಣ್ಣೆಯ ಚಹ ಕೊಟ್ಟರು. ಹಂಚಿಕೆಯ ಮಾತಿಗೆ ಗೆಳೆಯ ಒಪ್ಪಲಿಲ್ಲ. ಗುರುಪುರದ ವಿಹಾರವನ್ನು ನೋಡಲು ದೂರದೂರದಿಂದ ಜನ ಬರುತ್ತಾರಷ್ಟೆ. ಅವರಲ್ಲಿ ಯಾರಾದರೂ ಕತ್ತಲಾದ ಮೇಲೆ, ಚಕ್ರದ ಗಾಳಿ ಹೋಗಿ, ಗಾಡಿ ತಳ್ಳಿಕೊಂಡು ಬಂದರೆ ಅವರ ಅಕ್ಕಿಗೆ ಬೇಕಾದೀತು ಎಂದನು. ಚೀಲ ಈಗ ಆತನ ಮನೆಯ ಬಾಗಿಲ ಹಿಂದಿನ ಗೂಟದಲ್ಲಿ ತೂಗುತ್ತಿದೆ. ಬರುವ ಸಂಕ್ರಾಂತಿಗೆ ತಾಯಿಯವರನ್ನು ಕಡಲಿಗೆ ಕರೆದೊಯ್ಯಬೇಕೆಂದು ಮಾತಾಗಿದೆ. ಈ ಸಲ ಮೋಟಾರು ಸೈಕಲ್ಲಿನಲ್ಲಲ್ಲ, ಬಸ್ಸಿನಲ್ಲಿ. ಡೇರೆ ಬೇಡವೆಂದು ಆಕೆ ಮೊದಲೇ ಹೇಳಿದ್ದಾರೆ.